ಸಾಫ್ಟ್‌ವೇರ್‌ಗೆ ರತ್ನದ ಹೆಸರಿಡುವುದು ಹೇಗೆ: ಪ್ರೊಫೆಸರ್ ಮೈಯರ್ಸ್ ಪದ್ಧತಿಯ ಕೈಪಿಡಿ

ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನದ ಪ್ರೊಫೆಸರ್ ಬ್ರ್ಯಾಡ್ ಮೈಯರ್ಸ್ ತಮ್ಮ ಪ್ರಾಜೆಕ್ಟುಗಳಿಗೆ ರತ್ನ ಮತ್ತು ಖನಿಜಗಳ ಹೆಸರಿಡುವುದನ್ನು ಒಂದು ಸಂಪ್ರದಾಯವನ್ನೇ ಮಾಡಿಕೊಂಡವರು. 1987ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮುಗಿಸಿದ ಪಿಎಚ್‌ಡಿಗಾಗಿ ಬರೆದ ಸಾಫ್ಟ್‌ವೇರ್‌ನ ಹೆಸರು ಪೆರಿಡಾಟ್. ಕಾರ್ನೆಗಿ ಮೆಲನ್‌ಗೆ ಬಂದ ಮೇಲೆ ಲಿಸ್ಪ್ ಭಾಷೆಯಲ್ಲಿ ಕಟ್ಟಿದ ಯೂಸರ್ ಇಂಟರ್‌ಫೇಸ್ (ಬಳಕೆದಾರ ನೋಡಿ ಬಳಸುವ ಪರದೆ) ಟೂಲ್‌ಕಿಟ್ ಗಾರ್ನೆಟ್. ಅದರ ನಂತರ ಸಿ ಪ್ಲಸ್ ಪ್ಲಸ್‌ನಲ್ಲಿ ಬಂದದ್ದು ಆಮ್ಯುಲೆಟ್. ಜೇಡ್, ಓಪಲ್, ಟೋಪಾಜ್, ಅಜುರೈಟ್, ಅಪಟೈಟ್ ಎಂದು ಪಟ್ಟಿ ಬೆಳೆಯುತ್ತಲೇ ಹೋಯಿತು.

ಮೇಲ್ನೋಟಕ್ಕೆ ಇದು ಬರೀ ತಮಾಷೆ. ಆದರೆ ಒಂದೇ ತಂಡದಿಂದ ಹತ್ತಾರು ಟೂಲ್‌ಗಳು ಹೊರಬರುವ ಕಡೆ ಈ ಬಗೆಯ ಹೆಸರುಗಳು ನಿಜವಾದ ಕೆಲಸ ಮಾಡುತ್ತವೆ: ಯಾವುದು ಯಾರ ಮನೆಯದು ಎಂದು ಕೇಳಿದೊಡನೆ ಗೊತ್ತಾಗುತ್ತದೆ. ಅಷ್ಟೇ ನಿಜವಾದ ತೊಂದರೆಗಳನ್ನೂ ತರುತ್ತವೆ. ಕಾಲೇಜಿನ ಲ್ಯಾಬ್, ಸಣ್ಣ ಕಂಪನಿ ಅಥವಾ ಓಪನ್ ಸೋರ್ಸ್ ಗುಂಪೊಂದು ಇದೇ ದಾರಿ ಹಿಡಿಯಬೇಕೆಂದರೆ ಏನೇನು ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿದೆ.

ಮೂಲ ಪದ್ಧತಿಯನ್ನು ಬಿಚ್ಚಿ ನೋಡೋಣ

ಮೈಯರ್ಸ್ ಹೆಸರುಗಳಲ್ಲಿ ಎರಡು ಪದರಗಳಿವೆ. ಮೊದಲನೆಯದು ರತ್ನ. ಎರಡನೆಯದು ಆ ರತ್ನದ ಒಂದೊಂದು ಅಕ್ಷರಕ್ಕೂ ಒಂದೊಂದು ಇಂಗ್ಲಿಷ್ ಪದ ಕೂಡಿಸಿ ಮಾಡಿದ ವಾಕ್ಯ. ಪೆರಿಡಾಟ್ ಎಂದರೆ ಪ್ರೋಗ್ರಾಮಿಂಗ್ ಬೈ ಎಕ್ಸಾಂಪಲ್ ಫಾರ್ ರಿಯಲ್‌ಟೈಮ್ ಇಂಟರ್‌ಫೇಸ್ ಡಿಸೈನ್ ಆಬ್ವಿಯೇಟಿಂಗ್ ಟೈಪಿಂಗ್. ಅಂದರೆ ಕೋಡ್ ಟೈಪ್ ಮಾಡದೆ, ಉದಾಹರಣೆ ತೋರಿಸಿ ಇಂಟರ್‌ಫೇಸ್ ಕಟ್ಟುವ ಸಾಧನ. ಹೆಸರು ಅಲಂಕಾರ, ವಾಕ್ಯ ವಿವರಣೆ. ಎರಡೂ ಒಂದರಲ್ಲೇ ಕೂತಿವೆ.

ಗಾರ್ನೆಟ್‌ನ ಒಳಗೆ ಇಣುಕಿದರೆ ಇನ್ನೂ ಉಪಯುಕ್ತವಾದ ಪಾಠ ಸಿಗುತ್ತದೆ. ಅದರ ಚಿತ್ರ ಬಿಡಿಸುವ ಪದರ ಓಪಲ್. ಪರದೆಯ ಮೇಲೆ ಬಟನ್, ಪಟ್ಟಿ ಜೋಡಿಸುವ ಸಾಧನ ಗಿಲ್ಟ್, ಅಂದರೆ ಚಿನ್ನದ ಲೇಪ. ಹೊಸ ಆಕಾರಗಳನ್ನು ಕೆತ್ತುವ ಸಾಧನ ಲ್ಯಾಪಿಡರಿ, ಅಂದರೆ ಹರಳು ಕೊರೆಯುವವ. ಡೈಲಾಗ್ ಬಾಕ್ಸ್‌ಗಳನ್ನು ತಾನೇ ಹಾಕಿಕೊಡುವುದು ಜೇಡ್. ಮಾರ್ಕೀಸ್ ಎಂಬುದಂತೂ ರತ್ನವೂ ಅಲ್ಲ, ಎರಡೂ ತುದಿ ಚೂಪಾಗಿರುವಂತೆ ಹರಳನ್ನು ಕತ್ತರಿಸುವ ಒಂದು ಶೈಲಿ. ಹೀಗೆ ವಿಷಯವನ್ನು ರತ್ನಕ್ಕೆ ಮಾತ್ರ ಕಟ್ಟಿಹಾಕದೆ ಅದರ ಕಸುಬು, ಉಪಕರಣ, ಆಕಾರಗಳವರೆಗೂ ಹಿಗ್ಗಿಸಿದ್ದಾರೆ. ಹೆಸರು ಮುಗಿದುಹೋಗದಂತೆ ನೋಡಿಕೊಳ್ಳುವ ಮೊದಲ ಉಪಾಯ ಇದೇ.

ಆದರೆ ಗಮನಿಸಿ: ಪ್ರೋಗ್ರಾಮರ್ ದಿನವಿಡೀ ಕರೆಯುವ ಭಾಗಗಳಿಗೆ ಸಾದಾ ಹೆಸರುಗಳೂ ಇದ್ದವು. ಮೌಸ್, ಕೀಬೋರ್ಡ್ ನೋಡಿಕೊಳ್ಳುವ ಭಾಗ ಇಂಟರಾಕ್ಟರ್ಸ್. ಆಬ್ಜೆಕ್ಟ್ ವ್ಯವಸ್ಥೆ ಕೆಆರ್, ನಾಲೆಡ್ಜ್ ರೆಪ್ರೆಸೆಂಟೇಶನ್ ಎಂಬುದರ ಹ್ರಸ್ವ. ಎಲ್ಲದಕ್ಕೂ ಹರಳು ಪೋಣಿಸಿದ್ದರೆ ಮ್ಯಾನ್ಯುಯಲ್ ಓದುವವರು ಕೈ ಚೆಲ್ಲುತ್ತಿದ್ದರು.

ಯಾವುದಕ್ಕೆ ರತ್ನ, ಯಾವುದಕ್ಕೆ ಬೇಡ

ಪ್ರಾಜೆಕ್ಟಿಗೆ, ಅದರ ಕೋಡ್ ಇಡುವ ರೆಪೊಸಿಟರಿಗೆ, ಬಳಕೆದಾರ ನೋಡುವ ಶೀರ್ಷಿಕೆಗೆ ರತ್ನದ ಹೆಸರು ಇಡಿ. ಕೋಡಿನ ಒಳಗಿನ ಕ್ಲಾಸ್, ಫಂಕ್ಷನ್, ಡೇಟಾಬೇಸ್ ಟೇಬಲ್, ಎನ್ವಿರಾನ್ಮೆಂಟ್ ವೇರಿಯಬಲ್, ಲಾಗ್ ಸಾಲುಗಳ ಮುಂಗುರುತು ಇವುಗಳಲ್ಲಿ ಬೇಡ. ಕಾರಣ ಸರಳ. ಹೆಸರು ಬದಲಾಯಿಸುವ ಪರಿಸ್ಥಿತಿ ಬಂದರೆ ಹೊರಗಿನ ಬೋರ್ಡು ಬದಲಿಸಲು ಒಂದು ಮಧ್ಯಾಹ್ನ ಸಾಕು. ಡೇಟಾಬೇಸ್ ಟೇಬಲ್‌ಗಳಲ್ಲಿ, ಗ್ರಾಹಕರ ಕಾನ್ಫಿಗರೇಶನ್ ಕಡತಗಳಲ್ಲಿ ಆ ಪದ ಕೂತಿದ್ದರೆ ಎಲ್ಲವನ್ನೂ ಹೊಸ ಹೆಸರಿಗೆ ಸಾಗಿಸುವ ಮೈಗ್ರೇಶನ್ ಬರೆಯಬೇಕು, ಹಳೆಯ ಹೆಸರನ್ನೂ ಹೊಸದನ್ನೂ ಒಟ್ಟಿಗೆ ಸ್ವಲ್ಪ ಕಾಲ ನಡೆಸಬೇಕು.

ಇದು ಕಲ್ಪನೆಯ ಭಯವಲ್ಲ. ಜಾವಾಸ್ಕ್ರಿಪ್ಟ್ ಲೋಕದಲ್ಲಿ ಜನಪ್ರಿಯವಾಗಿದ್ದ ಜೇಡ್ ಎಂಬ (ಮೈಯರ್ಸ್ ಅವರದ್ದಲ್ಲದ) ವೆಬ್ ಪುಟಗಳ ಟೆಂಪ್ಲೇಟ್ ಭಾಷೆ ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ 2016ರಲ್ಲಿ ಪಗ್ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ಹೆಸರು ಪ್ಯಾಕೇಜಿನಲ್ಲಿ ಮಾತ್ರ ಇರಲಿಲ್ಲ, ಕಡತದ ವಿಸ್ತರಣೆಯೇ ಡಾಟ್ ಜೇಡ್ ಆಗಿತ್ತು. ಹಾಗಾಗಿ ಅದನ್ನು ಬಳಸುತ್ತಿದ್ದವರೂ ತಂತಮ್ಮ ಕಡತಗಳನ್ನು, ಎಡಿಟರ್ ಪ್ಲಗಿನ್‌ಗಳನ್ನು, ಬಿಲ್ಡ್ ಸ್ಕ್ರಿಪ್ಟ್‌ಗಳನ್ನು ತಿದ್ದಿಕೊಳ್ಳಬೇಕಾಯಿತು. ರತ್ನದ ಹೆಸರನ್ನು ಕಡತದ ವಿಸ್ತರಣೆ ಮಾಡಬೇಡಿ ಎಂಬ ನಿಯಮವನ್ನು ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಆವೃತ್ತಿಗಳಿಗೂ ರತ್ನ ಬೇಡ. ಪಚ್ಚೆ ಮೊದಲೋ ಪುಷ್ಯರಾಗ ಮೊದಲೋ ಎಂದು ಯಾರಿಗೂ ಹೊಳೆಯುವುದಿಲ್ಲ. ಉಬುಂಟು ತನ್ನ ಆವೃತ್ತಿಗಳ ಪ್ರಾಣಿ ಹೆಸರುಗಳನ್ನು ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಇಡುವುದು ಇದೇ ಕಾರಣಕ್ಕೆ. ಮೋಸ್ ಗಡಸುತನದ ಮಾಪಕವನ್ನು ಹಿಡಿದು ಟಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3 ಎಂದು ಏರುತ್ತ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹೋಗಬಹುದು, ಹತ್ತನೆಯದು ವಜ್ರ. ಹನ್ನೊಂದನೆಯ ಆವೃತ್ತಿಗೆ ಏನು ಮಾಡುತ್ತೀರಿ? ಆವೃತ್ತಿಗೆ ಅಂಕಿಯೇ ಸರಿ.

ಪಟ್ಟಿ ತಯಾರಿ

ಹೆಸರು ಬೇಕಾದ ದಿನ ಹುಡುಕಲು ಕೂರಬೇಡಿ. ಮೊದಲೇ ಮೂವತ್ತರಿಂದ ನಲವತ್ತು ಹೆಸರುಗಳ ಪಟ್ಟಿ ಮಾಡಿ ಒಂದು ಕಡತದಲ್ಲಿಡಿ. ಇಂಗ್ಲಿಷ್ ಕಾಗುಣಿತದಲ್ಲಿ ಐದರಿಂದ ಎಂಟು ಅಕ್ಷರಗಳ ಹೆಸರುಗಳೇ ಒಳ್ಳೆಯವು. ಅದಕ್ಕಿಂತ ಚಿಕ್ಕವು ಆಗಲೇ ಯಾರದ್ದೋ ಪಾಲಾಗಿರುತ್ತವೆ, ಉದ್ದದವಕ್ಕೆ ವಾಕ್ಯ ಕೂಡಿಸಲು ಹೆಣಗಬೇಕು, ಟರ್ಮಿನಲ್‌ನಲ್ಲಿ ಟೈಪ್ ಮಾಡಲೂ ಬೇಸರ.

ಪಟ್ಟಿಯನ್ನು ಖನಿಜ ಕುಟುಂಬಗಳ ಪ್ರಕಾರ ವಿಂಗಡಿಸಿ. ಇದು ನಮಗೆ ತುಂಬ ಇಷ್ಟವಾದ ತಂತ್ರ. ಪಚ್ಚೆ, ಅಕ್ವಾಮರೀನ್, ಮಾರ್ಗನೈಟ್, ಹೀಲಿಯೋಡರ್ ನಾಲ್ಕೂ ಬೆರಿಲ್ ಎಂಬ ಒಂದೇ ಖನಿಜದ ಬೇರೆ ಬೇರೆ ಬಣ್ಣಗಳು. ಮಾಣಿಕ್ಯ ಮತ್ತು ನೀಲ ಎರಡೂ ಕೊರಂಡಮ್. ಅಮೆಥಿಸ್ಟ್, ಸಿಟ್ರಿನ್, ಅಗೇಟ್, ಜಾಸ್ಪರ್, ಕಾರ್ನೀಲಿಯನ್ ಎಲ್ಲ ಕ್ವಾರ್ಟ್ಜ್ ವಂಶ. ಹೀಗಿರುವಾಗ ಮುಖ್ಯ ಲೈಬ್ರರಿಗೆ ಬೆರಿಲ್ ಎಂದಿಟ್ಟು ಅದರ ಮೇಲೆ ನಿಂತ ಆ್ಯಪ್‌ಗಳಿಗೆ ಬೆರಿಲ್ ಕುಟುಂಬದ ಹೆಸರುಗಳನ್ನೇ ಕೊಟ್ಟರೆ, ಯಾವುದು ಯಾವುದರ ಮೇಲೆ ಅವಲಂಬಿಸಿದೆ ಎಂಬುದು ಹೆಸರಲ್ಲೇ ಉಳಿಯುತ್ತದೆ. ಬೇರೆ ಲೈಬ್ರರಿಯ ಮೇಲೆ ಕಟ್ಟಿದವು ಕ್ವಾರ್ಟ್ಜ್ ಕಡೆಗೆ ಹೋಗಲಿ.

ಪ್ರಸಿದ್ಧ ರತ್ನಗಳನ್ನು ಪಟ್ಟಿಯ ಕೊನೆಗೆ ತಳ್ಳಿ. ರೂಬಿ, ಡೈಮಂಡ್, ಪರ್ಲ್, ಎಮರಾಲ್ಡ್, ಕ್ರಿಸ್ಟಲ್ ಇವೆಲ್ಲ ಕನಿಷ್ಠ ಒಂದು ಪ್ರೋಗ್ರಾಮಿಂಗ್ ಭಾಷೆಗೋ ಉತ್ಪನ್ನಕ್ಕೋ ಹೋಗಿಬಿಟ್ಟಿವೆ. ಮೈಯರ್ಸ್ ತಂಡದ ಪಟ್ಟಿಯನ್ನು ನೋಡಿದರೂ ಇದೇ ಕಾಣುತ್ತದೆ. ಶುರುವಿನಲ್ಲಿ ಆಭರಣದಂಗಡಿಯಲ್ಲಿ ಸಿಗುವ ಗಾರ್ನೆಟ್, ಟೋಪಾಜ್. ಬರಬರುತ್ತ ಭೂವಿಜ್ಞಾನದ ಪುಸ್ತಕದಿಂದ ಹೆಕ್ಕಿದ ಅಪಟೈಟ್, ಅಜುರೈಟ್, ಯೂಕ್ಲಾಸ್.

ಅಕ್ಷರಕ್ಕೆ ಪದ ಕೂಡಿಸುವ ಕಸರತ್ತು

ಇದೇ ಮಜವಾದ ಭಾಗ, ಸಮಯ ತಿನ್ನುವ ಭಾಗವೂ ಹೌದು. ಒಂದು ಗಂಟೆಗಿಂತ ಹೆಚ್ಚು ಕೊಡಬೇಡಿ.

ಮೊದಲು ಟೂಲ್ ಮಾಡುವ ಕೆಲಸವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದರಲ್ಲಿನ ಕ್ರಿಯಾಪದ, ನಾಮಪದಗಳನ್ನು ಬೇರ್ಪಡಿಸಿ, ಪ್ರತಿಯೊಂದಕ್ಕೂ ಮೂರು ನಾಲ್ಕು ಸಮಾನಾರ್ಥಕಗಳನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಈಗ ರತ್ನಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ನಿಮ್ಮ ಪದಗಳ ಮೊದಲಕ್ಷರಗಳು ಅತಿ ಹೆಚ್ಚು ಹೊಂದುವ ಹೆಸರು ಯಾವುದೆಂದು ನೋಡಿ. ರತ್ನವನ್ನು ಮೊದಲು ಆರಿಸಿ ಆಮೇಲೆ ಪದ ತುರುಕಲು ಹೊರಟರೆ ವಾಕ್ಯ ಹಾಸ್ಯಾಸ್ಪದವಾಗುತ್ತದೆ. ಹೋಗಬೇಕಾದ ದಿಕ್ಕು ಕೆಲಸದಿಂದ ಕಲ್ಲಿಗೆ, ಕಲ್ಲಿನಿಂದ ಕೆಲಸಕ್ಕಲ್ಲ.

ಸಣ್ಣಪುಟ್ಟ ಪದಗಳ ವಿಷಯದಲ್ಲಿ ಮೈಯರ್ಸ್ ಧಾರಾಳಿ. ಟೋಪಾಜ್ ಎಂಬುದು ಟ್ರಾನ್ಸ್‌ಕ್ರಿಪ್ಟ್ಸ್ ಆಫ್ ಪ್ರೋಗ್ರಾಮ್ಸ್ ಆ್ಯಕ್ಟಿವೇಟೆಡ್ ಬೈ ಜ್ಯಾಪಿಂಗ್. ಇಲ್ಲಿ ಆಫ್ ಲೆಕ್ಕಕ್ಕುಂಟು, ಬೈ ಲೆಕ್ಕಕ್ಕಿಲ್ಲ. ಗಾರ್ನೆಟ್ ಎಂದರೆ ಜನರೇಟಿಂಗ್ ಆ್ಯನ್ ಅಮಾಲ್ಗಮ್ ಆಫ್ ರಿಯಲ್‌ಟೈಮ್, ನಾವೆಲ್ ಎಡಿಟರ್ಸ್ ಆ್ಯಂಡ್ ಟೂಲ್‌ಕಿಟ್ಸ್, ಅಲ್ಲಿ ಆಫ್ ಲೆಕ್ಕಕ್ಕಿಲ್ಲ. ನೀವೂ ಇದೇ ಸ್ವಾತಂತ್ರ್ಯ ತೆಗೆದುಕೊಳ್ಳಿ, ಆದರೆ ಮುಖ್ಯ ಪದವೊಂದನ್ನು ಮಾತ್ರ ಹಾರಿಸಬೇಡಿ.

ಕಷ್ಟದ ಅಕ್ಷರಗಳನ್ನು ಮೊದಲು ಬಗೆಹರಿಸಿ. ಝಡ್, ಕ್ಯೂ, ಎಕ್ಸ್, ಯು ಇವುಗಳಿಗೆ ಪದ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ. ಟೋಪಾಜ್‌ನ ಝಡ್‌ಗೆ ಜ್ಯಾಪಿಂಗ್, ಅಜುರೈಟ್‌ನ ಝಡ್‌ಗೆ ಜೆಸ್ಟ್, ಮಾರ್ಕೀಸ್‌ನ ಕ್ಯೂಗೆ ಕ್ವಿಕ್. ಯು ಅಕ್ಷರ ಇಂಟರ್‌ಫೇಸ್ ಜನರಿಗೆ ಸಮಸ್ಯೆಯೇ ಅಲ್ಲ, ಯೂಸರ್ ಎಂಬ ಪದ ಯಾವಾಗಲೂ ಸಿದ್ಧ. ಗಾರ್ನೆಟ್, ಆಮ್ಯುಲೆಟ್ ಎರಡರ ಬಾಲದಲ್ಲೂ ಇ ಮತ್ತು ಟಿ ಇದ್ದು, ಎರಡಕ್ಕೂ ಎಡಿಟರ್ಸ್, ಟೂಲ್‌ಕಿಟ್ಸ್ ಎಂಬ ಒಂದೇ ಜೋಡಿ ಬಳಕೆಯಾಗಿದೆ. ನಿಮ್ಮ ಕ್ಷೇತ್ರದ ಇಂಥ ಜೋಡಿ ಪದಗಳನ್ನು ಒಮ್ಮೆ ಕಂಡುಕೊಂಡರೆ ಮುಂದಿನ ಹೆಸರುಗಳು ಬೇಗ ಕೂಡಿಬರುತ್ತವೆ.

ಖನಿಜಗಳ ಇಂಗ್ಲಿಷ್ ಹೆಸರುಗಳಲ್ಲಿ ಬಹುಪಾಲು ಐ, ಟಿ, ಇ ಎಂಬ ಮೂರು ಅಕ್ಷರಗಳಲ್ಲಿ ಮುಗಿಯುತ್ತವೆ. ಹಾಗಾಗಿ ಈ ಮೂರಕ್ಕೆ ಒಪ್ಪುವ ಬಾಲಗಳನ್ನು ಮೊದಲೇ ಮಾಡಿಟ್ಟುಕೊಳ್ಳಿ. ಅಜುರೈಟ್‌ನ ಬಾಲ ಇಂಪ್ರೂವ್ಸ್ ಟೆಕ್ಸ್ಚುಯಲ್ ಎಕ್ಸ್‌ಪ್ಲೊರೇಶನ್. ಕೋಡ್ ಎಡಿಟರಿನಲ್ಲಿ ಹಳೆಯ ಬದಲಾವಣೆಗಳಲ್ಲಿ ಬೇಕಾದ್ದನ್ನು ಮಾತ್ರ ಹಿಂದಕ್ಕೆ ತರುವ ಸಾಧನ ಅದು. ಅಪಟೈಟ್‌ನ ಬಾಲ ಐಡೆಂಟಿಫೈಸ್ ಟಾರ್ಗೆಟ್ಸ್ ಈಸಿಲಿ. ಜೇಡೈಟ್‌ನದು ಇನ್ಫರ್ಮೇಶನ್ ಟ್ಯಾಕ್ಡ್ ಆನ್ ಫಾರ್ ಎಂಫಸಿಸ್, ಜಾವಾ ದಾಖಲೆಗಳಲ್ಲಿ ಹೆಚ್ಚು ಬಳಕೆಯಾಗುವ ಕ್ಲಾಸುಗಳನ್ನು ದೊಡ್ಡ ಗಾತ್ರದ ಅಕ್ಷರದಲ್ಲಿ ತೋರಿಸುವ ಟೂಲ್‌ಗೆ ಇದಕ್ಕಿಂತ ಒಪ್ಪುವ ಬಾಲ ಸಿಗುವುದು ಕಷ್ಟ.

ಒಂದು ಉದಾಹರಣೆ ಮಾಡಿಯೇ ನೋಡೋಣ. ಪ್ರಾಜೆಕ್ಟಿನಲ್ಲಿ ಯಾರೂ ಬಳಸದೆ ಬಿದ್ದಿರುವ ಚಿತ್ರದ ಕಡತಗಳನ್ನು ಹುಡುಕಿ ಅಳಿಸುವ ಸ್ಕ್ರಿಪ್ಟ್ ಇದೆ ಎನ್ನಿ. ಪದಗಳು: ಅಸೆಟ್, ಗಾರ್ಬೇಜ್, ಟ್ರೇಸ್, ಇರೇಸ್, ಸರ್ಚ್, ಇಮೇಜ್, ಲೋಡ್. ಮೊದಲ ನಾಲ್ಕು ಪದ ಅಗೇಟ್ ಕಡೆಗೆ ಕೈತೋರಿಸುತ್ತವೆ: ಅಸೆಟ್ ಗಾರ್ಬೇಜ್ ಆಟೊಮ್ಯಾಟಿಕಲಿ ಟ್ರೇಸ್ಡ್ ಆ್ಯಂಡ್ ಇರೇಸ್ಡ್. ಚೆನ್ನಾಗಿದೆ, ಆದರೆ ಪೈಥಾನ್‌ನಲ್ಲಿ ಅಗೇಟ್ ಎಂಬ ದತ್ತಾಂಶ ವಿಶ್ಲೇಷಣೆಯ ಲೈಬ್ರರಿ ಆಗಲೇ ಇದೆ. ಬಿಡಿ. ಮುಂದಿನದು ಸ್ಪಿನೆಲ್: ಸರ್ಚಸ್ ಪ್ರಾಜೆಕ್ಟ್ಸ್ ಫಾರ್ ಇಮೇಜಸ್ ನೋಬಡಿ ಎವರ್ ಲೋಡ್ಸ್. ಇದು ಅಗೇಟ್‌ಗಿಂತ ಒಳ್ಳೆಯದು, ಏಕೆಂದರೆ ವಾಕ್ಯ ಓದಿದವನಿಗೆ ಟೂಲ್ ಏನು ಮಾಡುತ್ತದೆಂದು ಪೂರ್ತಿ ತಿಳಿಯುತ್ತದೆ. ಸ್ಮಾರ್ಟ್ ಸಾಧನಗಳ ನೆಟ್‌ವರ್ಕಿಗೆ ಸಂಬಂಧಿಸಿದ ಓಪನ್‌ಥ್ರೆಡ್ ಪ್ರಾಜೆಕ್ಟಿನಲ್ಲಿ ಸ್ಪಿನೆಲ್ ಹೆಸರಿನ ಒಂದು ಪ್ರೋಟೊಕಾಲ್ ಇದೆ, ಆದರೆ ಅದು ಬೇರೆಯೇ ಕ್ಷೇತ್ರದ್ದು. ಸಂಸ್ಥೆಯ ಒಳಗಷ್ಟೇ ಬಳಸುವುದಾದರೆ ಹಾಗೇ ಇಡಬಹುದು, ಹೊರಗೆ ಬಿಡುವುದಾದರೆ ಮುಂದೆ ಹೇಳುವ ಜೋಡಿ ಹೆಸರು ಬೇಕು.

ವಾಕ್ಯ ಸುಳ್ಳು ಹೇಳಬಾರದು. ಟೂಲ್ ಬೆಳೆದು ಕೆಲಸ ಬದಲಾದ ಮೇಲೂ ಹಳೆಯ ವಾಕ್ಯ ದಾಖಲೆಯಲ್ಲಿ ಉಳಿದಿದ್ದರೆ ಹೊಸಬರು ಅದನ್ನೇ ನಂಬುತ್ತಾರೆ. ಕೆಲಸ ಬದಲಾದರೆ ವಾಕ್ಯ ಕಿತ್ತುಹಾಕಿ ಹೆಸರನ್ನಷ್ಟೇ ಉಳಿಸಿ. ಇನ್ನು ಉದ್ದದ ಮಾತಿಗೆ ಬಂದರೆ, ಗಾರ್ನೆಟ್ ಬಳಗದ್ದೇ ಸಿ32 ಎಂಬ ಸ್ಪ್ರೆಡ್‌ಶೀಟ್ ಮಾದರಿಯ ಸಾಧನದ ವಿಸ್ತೃತ ರೂಪ ಸಿ ಅಕ್ಷರದಿಂದ ಶುರುವಾಗುವ ಪದಗಳ ಒಂದು ರೈಲುಗಾಡಿ. ಓದಿ ನಗಬಹುದು, ಅನುಕರಿಸಬೇಡಿ.

ಡಿಕ್ಕಿ ಪರೀಕ್ಷೆ

ಬೇರೆಯವರು ಆಗಲೇ ಇಟ್ಟ ಹೆಸರಿಗೆ ಡಿಕ್ಕಿ ಹೊಡೆಯುವುದೇ ರತ್ನದ ಹೆಸರುಗಳ ದೊಡ್ಡ ರೋಗ. ಎಲ್ಲರ ಕಣ್ಣೂ ಅದೇ ನೂರಿನ್ನೂರು ಹೆಸರುಗಳ ಮೇಲೆ. ಲ್ಯಾರಿ ವಾಲ್ 1987ರಲ್ಲಿ ಬಿಡುಗಡೆ ಮಾಡಿದ ಪರ್ಲ್ ಭಾಷೆಗೆ ಮುತ್ತಿನ ಪೂರ್ತಿ ಇಂಗ್ಲಿಷ್ ಕಾಗುಣಿತವೇ ಇರಬೇಕಿತ್ತು. ಅದೇ ಹೆಸರಿನ ಭಾಷೆಯೊಂದು ಆಗಲೇ ಇದೆಯೆಂದು ಬಿಡುಗಡೆಗೆ ಮೊದಲೇ ತಿಳಿದಿದ್ದರಿಂದ ನಡುವಿನ ಎ ಅಕ್ಷರ ಬಿದ್ದುಹೋಯಿತು. ಆ ಮುತ್ತಿನ ನೆನಪಲ್ಲೇ 1993ರಲ್ಲಿ ಜಪಾನಿನ ಯುಕಿಹಿರೊ ಮತ್ಸುಮೊಟೊ ತಮ್ಮ ಭಾಷೆಗೆ ಹವಳವೋ ಮಾಣಿಕ್ಯವೋ ಎಂದು ತೂಗಿ ರೂಬಿ ಎಂದಿಟ್ಟರು. ಈಗ ರೂಬಿಯ ಪ್ಯಾಕೇಜುಗಳನ್ನೇ ಜೆಮ್ ಎನ್ನುವುದರಿಂದ, ರೂಬಿ ಲೋಕದಲ್ಲಿ ರತ್ನದ ಹೆಸರಿನ ಟೂಲ್ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಹುಲ್ಲು ಹುಡುಕಿದ ಹಾಗೆ.

ಡಿಕ್ಕಿ ತಡವಾಗಿಯೂ ಆಗುತ್ತದೆ. ಮೈಯರ್ಸ್ ಅವರ ಗಾರ್ನೆಟ್ ಬಂದು ಮೂವತ್ತು ವರ್ಷ ದಾಟಿದ ಮೇಲೆ, 2024ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಗಾರ್ನೆಟ್ ಎಂಬ ಕ್ಯಾಶ್ ಸ್ಟೋರ್ (ದತ್ತಾಂಶ ಬೇಗ ಕೈಗೆ ಸಿಗುವಂತೆ ಇಟ್ಟುಕೊಳ್ಳುವ ವ್ಯವಸ್ಥೆ) ಹೊರತಂದಿತು. ಮೈಯರ್ಸ್ ತಂಡದ ಕ್ಯಾಲ್ಸೈಟ್ ಎಂಬ ಕೋಡ್ ಕಂಪ್ಲೀಶನ್ ಸಾಧನವನ್ನು ಈಗ ಹುಡುಕಿದರೆ ಬರುವುದು ಅಪಾಚೆ ಕ್ಯಾಲ್ಸೈಟ್ ಎಂಬ ಡೇಟಾಬೇಸ್ ಕೆಲಸದ ಸಾಫ್ಟ್‌ವೇರ್. ಮೈಯರ್ಸ್ ಅವರೂ ಪಾಲುಗೊಂಡ ಅಬ್ಸಿಡಿಯನ್ ಎಂಬ ಸ್ಮಾರ್ಟ್ ಕಾಂಟ್ರಾಕ್ಟ್ (ತಾನಾಗಿ ಜಾರಿಯಾಗುವ ಡಿಜಿಟಲ್ ಒಪ್ಪಂದ) ಭಾಷೆ ಈಗ ಅದೇ ಹೆಸರಿನ ಟಿಪ್ಪಣಿ ಆ್ಯಪ್‌ನ ನೆರಳಲ್ಲಿ ಮುಳುಗಿದೆ. ಸಂಶೋಧನೆಯ ಪ್ರಬಂಧಕ್ಕೆ ಇದರಿಂದ ಅಷ್ಟೇನೂ ನಷ್ಟವಿಲ್ಲ, ಬಳಕೆದಾರರನ್ನು ನೆಚ್ಚಿದ ಉತ್ಪನ್ನಕ್ಕೆ ಇದೆ. ಇದಕ್ಕೆ ಪೂರ್ತಿ ಮದ್ದಿಲ್ಲ, ಮುನ್ನೆಚ್ಚರಿಕೆ ಮಾತ್ರ.

ಹೆಸರು ಪಕ್ಕಾ ಮಾಡುವ ಮುನ್ನ ಈ ಕ್ರಮದಲ್ಲಿ ನೋಡಿ:

1. ಹೆಸರಿನ ಜತೆ ನಿಮ್ಮ ಕ್ಷೇತ್ರದ ಒಂದು ಪದ ಸೇರಿಸಿ ಹುಡುಕಿ. ಮೊದಲ ಪುಟದಲ್ಲಿ ಅದೇ ಕ್ಷೇತ್ರದ ಜೀವಂತ ಪ್ರಾಜೆಕ್ಟ್ ಕಂಡರೆ ಅಲ್ಲಿಗೇ ಕೈಬಿಡಿ.

2. ನೀವು ಪ್ರಕಟಿಸುವ ಪ್ಯಾಕೇಜ್ ಭಂಡಾರದಲ್ಲಿ ನೋಡಿ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಭಂಡಾರವಾದ ಎನ್‌ಪಿಎಂನಲ್ಲಿ ಹೊಸ ಹೆಸರಿಗೆ ದೊಡ್ಡಕ್ಷರ ಕೂಡದು, ಮಿತಿ 214 ಅಕ್ಷರ. ಪೈಥಾನ್‌ನ ಭಂಡಾರ ಪೈಪಿಐ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ಎಂದು ಕಾಣುತ್ತದೆ, ಅಡ್ಡಗೆರೆ, ಕೆಳಗೆರೆ, ಚುಕ್ಕೆಗಳನ್ನೂ ಒಂದೇ ಎಂದು ಕಾಣುತ್ತದೆ. ರಸ್ಟ್ ಭಾಷೆಯ ಕ್ರೇಟ್ಸ್ ಭಂಡಾರದಲ್ಲೂ ಅಡ್ಡಗೆರೆ, ಕೆಳಗೆರೆಗಳಿಗೆ ಭೇದವಿಲ್ಲ. ಹಾಗಾಗಿ ನಡುವೆ ಒಂದು ಗೆರೆ ಬದಲಿಸಿ ನುಸುಳುವ ಉಪಾಯ ನಡೆಯದು. ಪೈಥಾನ್ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಟೂಲ್ ಪಿಪ್‌ನ ಸರ್ಚ್ ಆಜ್ಞೆ ಈಗ ಪೈಪಿಐ ಮೇಲೆ ಕೆಲಸ ಮಾಡುವುದಿಲ್ಲ, ಜಾಲತಾಣದಲ್ಲೇ ನೋಡಬೇಕು.

3. ಲಿನಕ್ಸ್ ವಿತರಣೆಗಳಲ್ಲಿ ಅದೇ ಹೆಸರಿನ ಆಜ್ಞೆ ಇದೆಯೇ ನೋಡಿ. ಪ್ಯಾಕೇಜ್ ಹೆಸರು ಖಾಲಿ ಇದ್ದರೂ ಆಜ್ಞೆಯ ಹೆಸರು ಬೇರೊಂದರ ಪಾಲಾಗಿರಬಹುದು. ಎರಡೂ ಒಂದೇ ಯಂತ್ರದಲ್ಲಿದ್ದರೆ ಪಾತ್‌ನಲ್ಲಿ (ಆಜ್ಞೆಗಾಗಿ ಯಂತ್ರ ಹುಡುಕುವ ಜಾಗಗಳ ಪಟ್ಟಿ) ಮೊದಲು ಸಿಕ್ಕಿದ್ದು ಓಡುತ್ತದೆ, ಬಳಕೆದಾರ ಬಗ್ ನಿಮ್ಮ ತಲೆಗೆ ಕಟ್ಟುತ್ತಾನೆ.

4. ಟ್ರೇಡ್‌ಮಾರ್ಕ್. ಭಾರತದ ಟ್ರೇಡ್‌ಮಾರ್ಕ್ ನೋಂದಣಿಯ ಸಾರ್ವಜನಿಕ ಹುಡುಕಾಟದಲ್ಲಿ ವರ್ಗ 9 ಮತ್ತು ವರ್ಗ 42 ಎರಡರಲ್ಲೂ ನೋಡಿ. ಮೊದಲನೆಯದರಲ್ಲಿ ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್ ಬರುತ್ತದೆ, ಎರಡನೆಯದರಲ್ಲಿ ಸಾಫ್ಟ್‌ವೇರ್ ಸೇವೆ. ಪದದ ಹುಡುಕಾಟದ ಜತೆ ಉಚ್ಚಾರಣೆಯ ಹುಡುಕಾಟವನ್ನೂ ಮಾಡಿ.

ನಾಲ್ಕನೆಯದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ರತ್ನ ಎಲ್ಲರದ್ದಲ್ಲವೇ, ಅದರ ಹೆಸರಿಗೆ ಯಾರು ಹಕ್ಕು ಸಾಧಿಸುತ್ತಾರೆ ಎಂಬ ವಾದ. ವಾಸ್ತವ ತಿರುಗುಮುರುಗು. ಆಭರಣದ ಅಂಗಡಿಗೆ ಮಾಣಿಕ್ಯ ಎಂಬುದು ಸರಕಿನ ಹೆಸರು, ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ. ಸಾಫ್ಟ್‌ವೇರ್‌ಗೂ ಕಲ್ಲಿಗೂ ಸಂಬಂಧವೇ ಇಲ್ಲದ್ದರಿಂದ ಅಲ್ಲಿ ಅದೇ ಪದ ಗಟ್ಟಿ ಟ್ರೇಡ್‌ಮಾರ್ಕ್ ಆಗಬಲ್ಲದು. ಹಾಗಾಗಿಯೇ ಒಳ್ಳೆಯ ರತ್ನಗಳು ಆಗಲೇ ನೋಂದಣಿಯಾಗಿರುತ್ತವೆ. ಹೆಸರಿನ ಜಗಳ ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ 2016ರ ಲೆಫ್ಟ್‌ಪ್ಯಾಡ್ ಪ್ರಸಂಗ ನೆನಪಿಸಿಕೊಳ್ಳಿ. ಕಿಕ್ ಎಂಬ ಪ್ಯಾಕೇಜಿನ ಹೆಸರಿಗಾಗಿ ತಕರಾರು ಬಂದು, ಬೇಸತ್ತ ಬರಹಗಾರ ತನ್ನ ಪ್ಯಾಕೇಜುಗಳನ್ನೆಲ್ಲ ಎನ್‌ಪಿಎಂನಿಂದ ಹಿಂತೆಗೆದ. ಅವುಗಳಲ್ಲಿದ್ದ ಹನ್ನೊಂದು ಸಾಲಿನ ಲೆಫ್ಟ್‌ಪ್ಯಾಡ್ ಇಲ್ಲದೆ ಜಗತ್ತಿನಾದ್ಯಂತ ಬಿಲ್ಡ್‌ಗಳು ಮುರಿದುಬಿದ್ದವು.

ಡಿಕ್ಕಿ ಸಣ್ಣದಾಗಿದ್ದು ಹೆಸರು ಬಿಡಲು ಮನಸ್ಸಿಲ್ಲದಿದ್ದರೆ ಜೋಡಿ ಹೆಸರು ಮಾಡಿ: ಸ್ಪಿನೆಲ್ ಇಮೇಜ್, ಬೆರಿಲ್ ಲಾಗ್ಸ್ ಹೀಗೆ. ಎನ್‌ಪಿಎಂನಲ್ಲಿ ತಂಡದ ಹೆಸರನ್ನು ಸ್ಕೋಪ್ ಆಗಿ ಮುಂದೆ ಹಚ್ಚಿದರೆ ಭಂಡಾರದ ಮಟ್ಟಿಗೆ ಡಿಕ್ಕಿ ಇಲ್ಲವಾಗುತ್ತದೆ. ಟ್ರೇಡ್‌ಮಾರ್ಕ್ ಡಿಕ್ಕಿಗೆ ಮಾತ್ರ ಇದು ಪರಿಹಾರವಲ್ಲ.

ಕನ್ನಡದ ನವರತ್ನಗಳನ್ನು ಬಳಸುವುದಾದರೆ

ಇಂಗ್ಲಿಷ್ ಖನಿಜಗಳು ತುಂಬಿಹೋಗಿರುವಾಗ ನಮ್ಮ ಹೆಸರುಗಳತ್ತ ತಿರುಗುವುದು ಸಹಜ. ಮೈಯರ್ಸ್ ಅವರ ಗಾರ್ನೆಟ್‌ಗೆ ನಮ್ಮ ನವರತ್ನದಲ್ಲೊಬ್ಬ ನೆಂಟನೂ ಇದ್ದಾನೆ, ಗೋಮೇಧಿಕ ಗಾರ್ನೆಟ್ ಗುಂಪಿನದೇ ಕಲ್ಲು. ಆದರೆ ಇಲ್ಲಿ ಬೇರೆ ಬಗೆಯ ತೊಡಕುಗಳು.

ದೊಡ್ಡದು ರೋಮನ್ ಲಿಪಿಯ ಕಾಗುಣಿತ. ಪ್ಯಾಕೇಜ್ ಭಂಡಾರಗಳು ರೋಮನ್ ಅಕ್ಷರವನ್ನೇ ಕೇಳುತ್ತವೆ. ಮಾಣಿಕ್ಯದ ಮೊದಲ ಅಕ್ಷರಕ್ಕೆ ಎ ಒಂದೋ ಎರಡೋ? ಪಚ್ಚೆಗೆ ಸಿ ಎಷ್ಟು, ಎಚ್ ಎಷ್ಟು? ಹವಳದ ಳ ರೋಮನ್‌ಗೆ ಹೋದೊಡನೆ ಲ ಆಗುತ್ತದೆ. ಹತ್ತು ಜನ ಹತ್ತು ಥರ ಟೈಪ್ ಮಾಡುತ್ತಾರೆ, ಒಂಬತ್ತು ಜನರಿಗೆ ಪ್ಯಾಕೇಜ್ ಸಿಗುವುದಿಲ್ಲ. ಒಂದು ಪರೀಕ್ಷೆ ಮಾಡಿ: ಹೆಸರನ್ನು ಫೋನಿನಲ್ಲಿ ಮೂವರಿಗೆ ಹೇಳಿ ಇಂಗ್ಲಿಷ್‌ನಲ್ಲಿ ಬರೆದು ಕಳಿಸಲು ಕೇಳಿ. ಮೂರೂ ಒಂದೇ ಆಗಿದ್ದರೆ ಹೆಸರು ಪಾಸು. ವಜ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಆದರೆ ಬೆಂಗಳೂರಿನಲ್ಲಿ ಹುಡುಕಿದರೆ ಮೊದಲು ಬರುವುದು ಬಿಎಂಟಿಸಿಯ ವೋಲ್ವೊ ಬಸ್ಸು.

ಕನ್ನಡ ಅಕ್ಷರಗಳಲ್ಲೇ ವಾಕ್ಯ ಕೂಡಿಸಬೇಕೆಂದರೆ ಇಂಗ್ಲಿಷ್ ವಿಧಾನ ಹಾಗೇ ಬರುವುದಿಲ್ಲ. ಸ್ವರವನ್ನು ಬಿಟ್ಟು ವ್ಯಂಜನ ಮಾತ್ರ ಹೊಂದಿಸಿ, ಒತ್ತಕ್ಷರವನ್ನು ಎರಡು ವ್ಯಂಜನವಾಗಿ ಬಿಡಿಸಿ. ನೀಲ ಆಗ ನ ಮತ್ತು ಲ: ಅಪಾರ್ಟ್‌ಮೆಂಟಿನ ಟ್ಯಾಂಕರ್ ಲೆಕ್ಕ ಇಡುವ ಆ್ಯಪ್‌ಗೆ ನೀರಿನ ಲೆಕ್ಕ ಎಂದು ಒಪ್ಪವಾಗಿ ಕೂರುತ್ತದೆ. ಮುತ್ತು ಎಂದರೆ ಮ, ತ, ತ: ಮುದ್ರಣದ ತಪ್ಪು ತಿದ್ದುಗ, ಕಾಗುಣಿತ ಪರೀಕ್ಷಕಕ್ಕೆ. ಚುಂಬನದ ಅರ್ಥವೂ ಇರುವುದರಿಂದ ಮೀಟಿಂಗಿನಲ್ಲಿ ಮೊದಲ ವಾರ ನಗು ಗ್ಯಾರಂಟಿ. ವೈಡೂರ್ಯಕ್ಕೆ ವ, ಡ, ರ, ಯ: ವೇಳಾಪಟ್ಟಿ ಡೇಟಾ ರವಾನಿಸುವ ಯಂತ್ರ. ಗೋಮೇಧಿಕದ ಧ ಸ್ವಲ್ಪ ಕಾಡಿಸುತ್ತದೆ, ಆದರೂ ಸ್ಪ್ಯಾಮ್ ಫಿಲ್ಟರ್‌ಗೆ ಗೋಜಲು ಮೇಲ್‌ಗಳಿಗೆ ಧಿಕ್ಕಾರ ಕಳಿಸುವವ ಎಂದು ಮಾಡಬಹುದು. ಮಾಣಿಕ್ಯ ಮತ್ತು ಹವಳ ಮಾತ್ರ ಈ ಆಟದಿಂದ ಹೊರಗೆ. ಣ, ಳ ಅಕ್ಷರಗಳಿಂದ ಕನ್ನಡದಲ್ಲಿ ಪದ ಶುರುವಾಗುವುದಿಲ್ಲ.

ನವರತ್ನಕ್ಕೆ ಇಂಗ್ಲಿಷ್ ಪಟ್ಟಿಗಿಲ್ಲದ ಒಂದು ಅನುಕೂಲವಿದೆ, ಕ್ರಮ. ಒಂಬತ್ತು ರತ್ನ ಒಂಬತ್ತು ಗ್ರಹಕ್ಕೆ, ಅದರಲ್ಲಿ ಏಳು ವಾರದ ಏಳು ದಿನಕ್ಕೆ. ಭಾನುವಾರ ಮಾಣಿಕ್ಯ, ಸೋಮವಾರ ಮುತ್ತು, ಮಂಗಳವಾರ ಹವಳ, ಬುಧವಾರ ಪಚ್ಚೆ, ಗುರುವಾರ ಪುಷ್ಯರಾಗ, ಶುಕ್ರವಾರ ವಜ್ರ, ಶನಿವಾರ ನೀಲ. ದಿನಕ್ಕೊಂದು ಬ್ಯಾಕಪ್ ತೆಗೆದು ವಾರಕ್ಕೊಮ್ಮೆ ಮೇಲೆಯೇ ಬರೆಯುವ ವ್ಯವಸ್ಥೆಗೆ ಇದಕ್ಕಿಂತ ನೆನಪಿನಲ್ಲುಳಿಯುವ ಹೆಸರುಗಳಿಲ್ಲ. ಪಚ್ಚೆ ಹಾಳಾಗಿದೆ ಎಂದರೆ ಬುಧವಾರದ್ದು ಎಂದು ಕೇಳಿದವರಿಗೆಲ್ಲ ಗೊತ್ತು. ಮುಖ್ಯ ಸರ್ವರ್‌ಗೆ ನೀಲ ಎಂದಿಡುವ ಮುನ್ನ ಮಾತ್ರ ತಂಡದವರನ್ನು ಕೇಳಿ. ನೀಲ ಎಲ್ಲರಿಗೂ ಆಗಿಬರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ, ಸರ್ವರ್ ಬಿದ್ದ ದಿನ ಲಾಗ್ ಓದುವ ಬದಲು ಶನಿಯನ್ನು ಬೈಯುತ್ತಾ ಕೂರುವವರು ಒಬ್ಬರಾದರೂ ಇರುತ್ತಾರೆ.

ದಾಖಲೆ ಮತ್ತು ನಿವೃತ್ತಿ

ಎಲ್ಲರೂ ನೋಡಬಹುದಾದ ಒಂದೇ ಕಡತದಲ್ಲಿ ಹೆಸರುಗಳ ವಹಿ ಇಡಿ. ಪ್ರತಿ ಸಾಲಿನಲ್ಲಿ ಐದು ವಿವರ ಸಾಕು: ರತ್ನ, ಒಪ್ಪಿದ ರೋಮನ್ ಕಾಗುಣಿತ, ಟೂಲ್ ಮಾಡುವ ಕೆಲಸ ಸಾದಾ ಮಾತಿನಲ್ಲಿ, ಜವಾಬ್ದಾರಿ ಹೊತ್ತ ತಂಡ, ಸ್ಥಿತಿ. ರೀಡ್‌ಮಿ ಕಡತದ ಮೊದಲ ಸಾಲಿನಲ್ಲಿ ಹೆಸರಿನ ಬೆನ್ನಿಗೇ ಕೆಲಸ ಬರೆಯಿರಿ. ಬರೀ ಸ್ಪಿನೆಲ್ ಎಂದು ಬರೆದು ಬಿಡಬೇಡಿ, ಸ್ಪಿನೆಲ್, ಬಳಕೆಯಾಗದ ಚಿತ್ರಗಳನ್ನು ಹುಡುಕುವ ಟೂಲ್ ಎಂದು ಬರೆಯಿರಿ. ಹೊಸದಾಗಿ ಸೇರಿದವರು ಮೊದಲ ತಿಂಗಳು ಈ ವಹಿಯನ್ನು ತೆರೆದಿಟ್ಟುಕೊಂಡೇ ಕೂರುತ್ತಾರೆ. ರತ್ನಗಳ ಸಂಖ್ಯೆ ಇಪ್ಪತ್ತು ದಾಟಿದ ಮೇಲೆ ಹಳಬರೂ ಕೂರುತ್ತಾರೆ.

ಸತ್ತ ಟೂಲ್‌ನ ಹೆಸರನ್ನು ಮತ್ತೊಂದಕ್ಕೆ ಕೊಡಬೇಡಿ. ಹಳೆಯ ಮೇಲ್, ಟಿಕೆಟ್, ಕೋಡಿನ ಟಿಪ್ಪಣಿಗಳಲ್ಲಿ ಆ ಹೆಸರು ಉಳಿದಿರುತ್ತದೆ, ಮೂರು ವರ್ಷದ ನಂತರ ಹುಡುಕಿದವನಿಗೆ ಎರಡರ ವಿವರ ಕಲಸಿಹೋಗುತ್ತದೆ. ಹತ್ತಿರದ ಹೆಸರಿಗೂ ಇದೇ ಎಚ್ಚರ. ಮೈಯರ್ಸ್ ಬಳಗದಲ್ಲಿ ಮೊದಲು ಜೇಡ್, ಎಷ್ಟೋ ವರ್ಷಗಳ ನಂತರ ಜೇಡೈಟ್ ಬಂದಿವೆ. ನಡುವೆ ಸಾಕಷ್ಟು ಕಾಲ ಇದ್ದದ್ದರಿಂದ ನಡೆಯಿತು, ಒಂದೇ ವರ್ಷದಲ್ಲಿ ಇಟ್ಟಿದ್ದರೆ ಗೊಂದಲ ಖಚಿತ. ವಹಿಯಲ್ಲಿ ಸ್ಥಿತಿಯನ್ನು ನಿವೃತ್ತ ಎಂದು ಗುರುತಿಸಿ, ನಿಲ್ಲಿಸಿದ ತಿಂಗಳು ಬರೆದು, ಅದರ ಬದಲು ಯಾವುದನ್ನು ಬಳಸಬೇಕೆಂದು ಸೇರಿಸಿ. ಪ್ಯಾಕೇಜನ್ನು ಭಂಡಾರದಿಂದ ಅಳಿಸುವ ಬದಲು ಬಳಕೆಗೆ ಯೋಗ್ಯವಲ್ಲವೆಂಬ ಗುರುತು ಹಾಕಿ ಬಿಡಿ. ಅಳಿಸಿದರೆ ಕೆಲವು ಭಂಡಾರಗಳಲ್ಲಿ ಆ ಹೆಸರನ್ನು ಬೇರೆಯವರು ಎತ್ತಿಕೊಳ್ಳಬಹುದು, ನಿಮ್ಮ ಹಳೆಯ ಬಳಕೆದಾರರ ಯಂತ್ರಕ್ಕೆ ಅಪರಿಚಿತರ ಕೋಡ್ ಇಳಿಯಬಹುದು.